ಕರಿ ಉಣ್ಣೆಯ ಕಿಡಿ

ಅಜ್ಜಿ ತಂದ ಗೋಣಿಚೀಲದಲ್ಲಿ ಒಂದೇ ಒಂದು ಕಂಬಳಿಗೆ ಆಗುವಷ್ಟು ಉಣ್ಣೆಯಿತ್ತು. ತಕ್ಕಡಿಗೆ ಹಾಕಿದಾಗ ಮೂರು ಕೆ.ಜಿ.ಗೆ ಒಂದು ಹಿಡಿ ಕಡಿಮೆ. ಧೂಳು, ಮುಳ್ಳು, ಕಸಕಡ್ಡಿ ಆರಿಸಿದ ಮೇಲೆ ಎರಡೂವರೆ ಉಳಿಯಿತು. ಬಣ್ಣ ಹಾಕದ ಅಪ್ಪಟ ಕಪ್ಪು.

ಅಜ್ಜಿ ಹುಳಿಯಾರು ರಸ್ತೆಯ ಕಡೆಯ ಒಂದು ಕುರಿ ಹಟ್ಟಿಯವಳು. ಬಸ್ಸಿಳಿದು ಚೀಲವನ್ನು ಸೊಂಟದ ಮೇಲೆ ಮಗುವಿನ ಹಾಗೆ ಇಟ್ಟುಕೊಂಡೇ ಬಂದಿದ್ದಳು. ತೂಕ ಮುಗಿಯುವವರೆಗೂ ತಕ್ಕಡಿಯ ಪಕ್ಕ ಬಿಟ್ಟು ಕದಲಲಿಲ್ಲ.

"ಮೇಡಮ್ಮ, ಇದು ನಮ್ಮೆಜಮಾನ ಕೊನೇಗೆ ಕತ್ತರಿಸಿದ್ ಉಣ್ಣೆ ಕಣವ್ವ. ಆಮ್ಯಾಕೆ ಅವ್ನೂ ಹೋದ, ಕುರೀನೂ ಹೋದ್ವು. ಮೂರ್ ವರ್ಸ ಅಟ್ಟದ ಮ್ಯಾಲೆ ಮಡಗಿದ್ದೆ. ಇದುನ್ನ ಬ್ಯಾರೆ ಉಣ್ಣೆ ಜೊತೆ ಬೆರುಸ್ಬ್ಯಾಡ."

"ಬೆರೆಸಲ್ಲ ಅಜ್ಜಿ."

"ಆಣೆ ಮಾಡು."

ಆಣೆಗೀಣೆ ನನಗೆ ಆಗದು. ನಾನು ಡಿಪ್ಲೊಮಾ ಓದಿದವಳು, ಚೀಟಿ ಬರೆದುಕೊಡುತ್ತೇನೆ ಎಂದೆ. ಚೀಟಿಯನ್ನು ಮಡಿಸಿ ಎಲೆಅಡಿಕೆ ಚೀಲಕ್ಕೆ ಸೇರಿಸಿದಳು. ಆದರೂ ನನ್ನ ಕೈಯನ್ನು ಎಳೆದು ಉಣ್ಣೆಯ ಮೇಲೆ ಇಡಿಸಿಯೇ ಬಿಟ್ಟಳು. ಆಣೆ ಆಗಿಹೋಯಿತು.

ಅದು ತೊಂಬತ್ತರ ದಶಕದ ಕೊನೆಯ ಒಂದು ಪುಷ್ಯ ಮಾಸ. ಚಿಕ್ಕನಾಯಕನಹಳ್ಳಿಯ ಒಂದು ಉಣ್ಣೆ ಕೇಂದ್ರದಲ್ಲಿ ನಾನು ತಾಂತ್ರಿಕ ಸಹಾಯಕಿಯಾಗಿದ್ದೆ. ಹಟ್ಟಿಗಳವರು ತಂದ ಉಣ್ಣೆಯನ್ನು ಯಂತ್ರದಲ್ಲಿ ಎಕ್ಕಿ, ಎಂದರೆ ಗಂಟು ಬಿಡಿಸಿ ಎಳೆಗಳನ್ನು ಒಂದೇ ದಿಕ್ಕಿಗೆ ಬಾಚಿ ಕೊಡುವುದು ನಮ್ಮ ಕೆಲಸ. ಹಿಂದೆ ಹೆಂಗಸರು ಬಿಲ್ಲು ಹಿಡಿದು ಮನೆಯಲ್ಲೇ ಎಕ್ಕುತ್ತಿದ್ದರು. ಅಜ್ಜಿಯ ತೋಳಿನಲ್ಲಿ ಈಗ ಬಿಲ್ಲು ಬಡಿಯುವ ಶಕ್ತಿ ಇರಲಿಲ್ಲ. ನೂಲುವುದಕ್ಕೆ ಬೆರಳು ಇನ್ನೂ ಗಟ್ಟಿಯಾಗಿದ್ದವು. ಅದಕ್ಕೇ ನಮ್ಮಲ್ಲಿಗೆ ಬಂದಿದ್ದಳು.

ಆ ವರ್ಷ ಶ್ರಾವಣದಲ್ಲಿ ನಾನೇ ಮುಂದೆ ನಿಂತು ಯಂತ್ರವನ್ನು ಹಳೆಯ ಹೆಂಚಿನ ಮನೆಯಿಂದ ಹೊಸ ಕಟ್ಟಡಕ್ಕೆ ಸಾಗಿಸಿದ್ದೆ. ಹಳೆಯದು ಮಣ್ಣಿನ ನೆಲ, ಅರ್ಧಕ್ಕೆ ಗುಂಡಿಮಗ್ಗಗಳು, ಮೂಲೆಯಲ್ಲಿ ಸದಾ ಒಸರುವ ನೀರಿನ ಬಾನಿ. ನೇಕಾರರು ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ನೇಯುತ್ತಿದ್ದರು. ಹೊಸದರಲ್ಲಿ ನುಣುಪು ಸಿಮೆಂಟು, ಅದರ ಮೇಲೆ ಹಸಿರು ಪ್ಲಾಸ್ಟಿಕ್ ಹಾಸು, ದೊಡ್ಡ ಕಿಟಕಿ. ಹಳೆಯ ಚರ್ಮದ ಬೆಲ್ಟು ತೆಗೆಸಿ ರಬ್ಬರಿನದು ಹಾಕಿಸಿದೆ. ಬರಿಗಾಲಲ್ಲಿ ಓಡಾಡುತ್ತಿದ್ದ ಕೇಂದ್ರದ ಕೆಲಸದ ಹೆಂಗಸರಿಗೆಲ್ಲ ಹವಾಯಿ ಚಪ್ಪಲಿ ಕೊಡಿಸಿದೆ. ಮಳೆಗಾಲ ಮುಗಿಯುವವರೆಗೂ ಎಲ್ಲ ಚೆನ್ನಾಗಿ ನಡೆಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಜ್ಜಿಯ ಉಣ್ಣೆಯನ್ನು ಯಂತ್ರಕ್ಕೆ ಕೊಟ್ಟದ್ದು ಒಂದು ಒಣ ಬೆಳಿಗ್ಗೆ. ಬಯಲಿನ ಗಾಳಿ ಬೀಸಿ ತುಟಿ ಒಡೆಯುವ ಕಾಲ. ತಂತಿಹಲ್ಲಿನ ದೊಡ್ಡ ಉರುಳೆ ತಿರುಗಿತು. ಇನ್ನೊಂದು ತುದಿಯಲ್ಲಿ ಉಣ್ಣೆ ಹಾಲಿನ ಕೆನೆಯಂತೆ ತೆಳ್ಳಗೆ ಹಾಳೆಯಾಗಿ ಇಳಿಯಬೇಕು. ಇಳಿಯಲಿಲ್ಲ. ಎಳೆಗಳು ಒಂದನ್ನೊಂದು ದೂಡಿಕೊಂಡು ಕೆದರಿ ನಿಂತವು. ಒಂದಷ್ಟು ಹಿಂದಕ್ಕೆ ಹೋಗಿ ಉರುಳೆಗೇ ಸುತ್ತಿಕೊಂಡವು, ಒಂದಷ್ಟು ಹಾರಿ ನನ್ನ ಕೈಗೆ, ಸೀರೆಗೆ, ರೆಪ್ಪೆಗೆ ಅಂಟಿದವು. ಬಿಡಿಸಿ ಎಸೆದರೆ ಮತ್ತೆ ಬಂದು ಅಂಟುವುವು. ನಿಲ್ಲಿಸಲು ಹೋದ ಆಪರೇಟರ್ ಸ್ವಿಚ್ಚು ಮುಟ್ಟುವ ಮೊದಲೇ ಯಂತ್ರದ ಚೌಕಟ್ಟು ತಾಗಿ ಚುರ್ ಎಂದು ಕೈ ಕೊಡವಿದ.

"ಕರೆಂಟ್ ಹೊಡಿತದೆ ಮೇಡಂ!"

ನಲವತ್ತು ದಾಟಿದ ಮನುಷ್ಯ, ಮೊದಲು ಕೊಬ್ಬರಿ ಎಣ್ಣೆ ಗಾಣದಲ್ಲಿದ್ದವನು. ಯಾವುದಕ್ಕೂ ಹೆದರದವನು ಅಂದು ಮೂರು ಹೆಜ್ಜೆ ದೂರ ನಿಂತ. ಮೇನ್ ಆಫ್ ಮಾಡಿಸಿ ಮತ್ತೆ ಮುಟ್ಟಿಸಿದೆ. ಮತ್ತೆ ಚುರ್ ಎಂದಿತು. ಹಾಗಾದರೆ ಇದು ಕಂಬದಿಂದ ಬಂದ ಕರೆಂಟಲ್ಲ, ನಮ್ಮ ಕೋಣೆಯಲ್ಲೇ ಹುಟ್ಟಿದ ಸ್ಥಿರ ವಿದ್ಯುತ್ತು ಎಂದು ತಿಳಿಯಿತು. ತಿಳಿದದ್ದೇನೋ ಸರಿ. ಅಷ್ಟರಲ್ಲಿ ಅಜ್ಜಿಯ ಉಣ್ಣೆಯಲ್ಲಿ ಕಾಲು ಕೆ.ಜಿ. ನೆಲದ ಪಾಲಾಗಿತ್ತು.

ಆಪರೇಟರ್ ಅಂದೇ ಮಧ್ಯಾಹ್ನ ಯಂತ್ರಕ್ಕೆ ಅರ್ತಿಂಗ್ ತಂತಿ ಎಳೆದ. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ನೀರು ಹುಯ್ದು, ಮನೆಗೆ ಮಾಡುವಷ್ಟೇ ಶ್ರದ್ಧೆಯಿಂದ ಮಾಡಿದ. ಕೈಗೆ ಹೊಡೆಯುವುದು ನಿಂತಿತು. ಉಣ್ಣೆ ಹಾರುವುದು ನಿಲ್ಲಲಿಲ್ಲ. ಕಬ್ಬಿಣ ತನ್ನಲ್ಲಿ ಸೇರಿದ್ದನ್ನು ತಂತಿಯ ಮೂಲಕ ಭೂಮಿಗೆ ಬಿಟ್ಟುಕೊಡುತ್ತದೆ. ಕೂದಲು ಹಾಗಲ್ಲ. ಒಣಗಿದ ಒಂದೊಂದು ಎಳೆಯೂ ತನಗೆ ಬಂದದ್ದನ್ನು ತನ್ನಲ್ಲೇ ಹಿಡಿದು ಕೂರುತ್ತದೆ. ಎಲ್ಲ ಎಳೆಗಳಲ್ಲೂ ಒಂದೇ ಜಾತಿಯ ವಿದ್ಯುತ್ತು, ಅದಕ್ಕೇ ಒಂದಕ್ಕೊಂದು ಆಗದು.

ಎರಡನೆಯ ತಪ್ಪು ನನ್ನದು. ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ತಲೆನೋವಿರಲಿ, ಬಾಗಿಲ ಕೀಲು ಕಿರುಗುಟ್ಟಲಿ, ಮೊದಲು ಕೈ ಹೋಗುವುದು ಕೊಬ್ಬರಿ ಎಣ್ಣೆಗೆ. ಕೆದರಿದ ಕೂದಲಿಗೆ ಎಣ್ಣೆ ಹಚ್ಚಿದರೆ ಕೂರುತ್ತದೆ, ಉಣ್ಣೆಯೂ ಕೂದಲೇ ಅಲ್ಲವೇ? ಈ ಸಲ ಬುದ್ಧಿವಂತಿಕೆ ಮಾಡಿ ಕೇಂದ್ರದ ಉಣ್ಣೆಯ ಮೇಲೆ ಮೊದಲು ನೋಡಿದೆ. ನಡುಮಧ್ಯಾಹ್ನ ಎಣ್ಣೆ ಚಿಮುಕಿಸಿ ಓಡಿಸಿದೆವು. ಪೂರ್ತಿ ಅಲ್ಲದಿದ್ದರೂ ಹಾಳೆ ಇಳಿಯಿತು. ಆಪರೇಟರ್ ಮೀಸೆ ಸವರಿಕೊಂಡ. ಅಜ್ಜಿಯ ಉಣ್ಣೆಗೂ ಎಣ್ಣೆ ಚಿಮುಕಿಸಿ ಮುಚ್ಚಿಟ್ಟು, ಬೆಳಿಗ್ಗೆ ಬಂದವರೇ ಯಂತ್ರಕ್ಕೆ ಕೊಟ್ಟೆವು.

ಪುಷ್ಯದ ಬೆಳಿಗ್ಗೆ ಬಚ್ಚಲಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಏನಾಗಿರುತ್ತದೆ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಕಡ್ಡಿ ಹಾಕಿ ಕೆರೆಯಬೇಕು. ಅದೇ ಉಣ್ಣೆಯೊಳಗೂ ಆಗಿತ್ತು. ಗಟ್ಟಿಯಾದ ಎಣ್ಣೆ ತಂತಿಹಲ್ಲುಗಳ ಸಂದಿಗೆ ಮೆತ್ತಿಕೊಂಡಿತು, ಉಣ್ಣೆ ಉಂಡೆಯುಂಡೆಯಾಗಿ ಸಿಕ್ಕಿಕೊಂಡು ಯಂತ್ರ ಗುರುಗುಟ್ಟಿ ನಿಂತಿತು. ಕಬ್ಬಿಣದ ಮೊಳೆ ಹಿಡಿದು ಹಲ್ಲಿನ ಸಾಲಿನಿಂದ ಸಾಲಿಗೆ ಕೀಳುತ್ತ ಕುಳಿತೆವು. ಕಿತ್ತದ್ದರಲ್ಲಿ ಅರ್ಧ ತುಂಡಾದ ಎಳೆ. ಸೀಗೆಪುಡಿಯಲ್ಲಿ ತೊಳೆದು ಒಣಗಿಸಿ ತೂಗಿದಾಗ ನೂಲಲು ಬರುವ ಉಣ್ಣೆ ಎರಡು ಕೆ.ಜಿ.ಗಿಂತ ಸ್ವಲ್ಪ ಕೆಳಗಿತ್ತು. ಇನ್ನೊಂದು ತಪ್ಪು ಮಾಡಿದರೆ ಕಂಬಳಿ ಆಗುವುದೇ ಇಲ್ಲ.

ಆಪರೇಟರ್ ಆ ಕಡೆ ಈ ಕಡೆ ನೋಡಿ ಹತ್ತಿರ ಬಂದ. "ಒಳಗೆ ಬೇಕಾದಷ್ಟ್ ಕರಿ ಉಣ್ಣೆ ಐತೆ. ಅರ್ಧ ಕೇಜಿ ಸೇರ್ಸ್ ಬುಡಿ ಮೇಡಂ. ಮುದುಕಿಗೇನ್ ಗೊತ್ತಾಯ್ತದೆ?"

ನಿಜ ಹೇಳುತ್ತೇನೆ, ನಾನು ಉಗ್ರಾಣದ ಬೀಗದ ಕೈ ತೆಗೆದುಕೊಂಡೆ, ಬಾಗಿಲವರೆಗೂ ಹೋದೆ. ಬೀಗ ಹಿಡಿದದ್ದು ಉಣ್ಣೆಯ ಮೇಲೆ ಆಣೆ ಇಟ್ಟ ಅಂಗೈಯೇ. ಹಿಂದಕ್ಕೆ ಬಂದು ಅಜ್ಜಿಗೆ ಹೇಳಿ ಕಳಿಸಿದೆ.

ಮರುದಿನವೇ ಬಂದಳು. ನಾನು ತಪ್ಪನ್ನೆಲ್ಲ ಒಪ್ಪಿಸಿದೆ. ಬೈಯುತ್ತಾಳೆ ಎಂದು ಕಾದೆ. ಅವಳು ಉಣ್ಣೆಯ ಒಂದು ಎಳೆಯನ್ನು ನನ್ನ ತೋಳಿನ ಹತ್ತಿರ ಹಿಡಿದು, ಅದು ತಾನಾಗಿ ಎದ್ದು ತೋಳಿಗೆ ಅಂಟಿದ್ದನ್ನು ನೋಡಿ ನಕ್ಕಳು.

"ನಮ್ಮೆಜಮಾನುನ್ ಕಂಬ್ಳೀನೂ ಹಿಂಗೇ ಕಣವ್ವ. ಸುಗ್ಗಿ ಆದ್ಮ್ಯಾಕೆ ಕುರಿ ಹೊಡ್ಕಂಡ್ ಹೋದ್ರೆ ಮಳೆ ಬೀಳಗಂಟ ಬತ್ತಿರ್ಲಿಲ್ಲ. ಸಂಕ್ರಾಂತೀಗ್ ಮಾತ್ರ ಎಲ್ಡ್ ದಿನ ಬರೋನು. ದೀಪ ಆರ್ಸ್‌ಬುಟ್ಟು ಮೈಮ್ಯಾಲಿನ್ ಕಂಬ್ಳಿ ಸರ್ರಂತ ಎಳ್ದ್ರೆ ಚಟಚಟಾಂತ ಕಿಡಿ. ನೀಲಿ ಕಿಡಿ! 'ನೋಡೇ, ದಾರೀಲಿ ಮಿಣುಕುಹುಳ ಹಿಡ್ಕಂಡ್ ಬಂದಿವ್ನಿ ನಿಂಗೆ' ಅನ್ನೋನು. ನಾನು ಪೆದ್ದಿ, ಮೊದುಲ್ನೇ ವರ್ಸ ದಿಟ ಅಂದ್ಕಂಡು ಬೆಳಿಗ್ಗೆ ಎದ್ದು ಹುಳ ಹುಡುಕಿದ್ದೆ."

"ಆ ಕಂಬಳಿ ಈಗ?"

"ಅವನ ಜೊತೇಲೇ ಹೋಯ್ತು. ಅದ್ನ ಹೊದ್ಸೇ ಮಣ್ ಮಾಡುದ್ರು."

ನನಗೆ ನನ್ನವರ ನೆನಪಾಯಿತು. ಅವರು ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಕಡೆಯಿಂದ ಉತ್ತರದ ಒಂದು ಊರಿನ ಗೋದಾಮಿನಲ್ಲಿದ್ದರು, ಲಾರಿಯಲ್ಲಿ ಹೋದ ಉಂಡೆಕೊಬ್ಬರಿಯನ್ನು ಇಳಿಸಿಕೊಳ್ಳುವ ಕೆಲಸ. ಎರಡು ವರ್ಷವಾಗಿತ್ತು. ವರ್ಷಕ್ಕೊಂದು ಸಲ ಯುಗಾದಿಗೆ ಬರುವರು. ಭಾನುವಾರ ಭಾನುವಾರ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ನಾನು ಫೋನು ಮಾಡುವೆ. ಅಲ್ಲಿನ ಚಳಿ, ಅಲ್ಲಿನ ರೊಟ್ಟಿ, ಲಾರಿ ತಡವಾದದ್ದು, ಎಲ್ಲ ಮಾತಾಡುವೆವು. ಬನ್ನಿ ಎಂಬ ಒಂದು ಮಾತು ಮಾತ್ರ ನನ್ನ ಬಾಯಿಂದ ಬರುತ್ತಿರಲಿಲ್ಲ. ಹೋಗಿ ಎಂದು ಕಳಿಸಿದವಳು ನಾನೇ. ನನಗೆ ಹಟ ಜಾಸ್ತಿ.

ಅಜ್ಜಿಗೆ ಟೀ ಕೊಟ್ಟು ಕೂರಿಸಿ, ಅವಳು ಕೇಳಿದ್ದಕ್ಕೆ ನನ್ನವರು ದೂರದ ಊರಿನಲ್ಲಿದ್ದಾರೆ ಎಂದಷ್ಟೇ ಹೇಳಿ, ಕಾಲೇಜಿನ ಹಳೆಯ ನೋಟ್ಸು ತೆಗೆದೆ. ಎರಡು ವಸ್ತು ಒಂದಕ್ಕೊಂದು ತಾಗಿದಾಗ ಒಂದು ತನ್ನಲ್ಲಿರುವುದನ್ನು ಚೂರು ಕೊಡುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ. ತಾಗಿಕೊಂಡಿರುವಷ್ಟು ಹೊತ್ತು ಅದು ಹೊರಗೆ ಗೊತ್ತಾಗುವುದಿಲ್ಲ. ಬೇರೆಯಾದಾಗ ಕಾಣುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ ಸಾಲು. ಅಂದು ಮತ್ತೆ ಮತ್ತೆ ಓದಿದೆ. ಕೆಳಗೆ ಇನ್ನೊಂದು ಸಾಲಿತ್ತು: ತೇವವಿದ್ದ ಕಡೆ ವಿದ್ಯುತ್ತು ನಿಲ್ಲದು, ಸದ್ದಿಲ್ಲದೆ ಹರಿದುಹೋಗುತ್ತದೆ.

ತೇವ ಎಂದಕೂಡಲೇ ಹಳೆಯ ಹೆಂಚಿನ ಮನೆ ಕಣ್ಣಿಗೆ ಬಂತು. ಒಸರುವ ಬಾನಿ, ಬೆಳಿಗ್ಗೆ ನೀರು ಚಿಮುಕಿಸಿ ಗುಡಿಸುವ ಮಣ್ಣಿನ ನೆಲ, ಚರ್ಮದ ಬೆಲ್ಟು, ಬರಿಗಾಲು. ವಿದ್ಯುತ್ತು ಇಳಿದುಹೋಗಲು ಇದ್ದ ದಾರಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದವಳು ನಾನು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ ಆಗಿತ್ತು ನನ್ನ ಕಥೆ.

ಯಂತ್ರವನ್ನು ಹಳೆಯ ಮನೆಗೇ ತೆಗೆದುಕೊಂಡು ಹೋಗೋಣ ಎಂದೆ. ಆಪರೇಟರ್ ಗಹಗಹಿಸಿದ. "ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ, ಹಂಗಾಯ್ತಲ್ಲ ಮೇಡಂ!"

"ನೆಲವೇ ಡೊಂಕು ಕಣಪ್ಪ. ಡೊಂಕು ಮಾಡಿದ್ದು ನಾನು. ಬಿಚ್ಚು."

ಸುಲಭದ ತೀರ್ಮಾನವಲ್ಲ. ಹೊಸ ಕಟ್ಟಡ ನೋಡಿ ಮೆಚ್ಚಿ ಹೋಗಿದ್ದ ಮೇಲಧಿಕಾರಿಗಳಿಗೆ ನಾನು ಎಡವಿದೆ ಎಂದು ಪತ್ರ ಬರೆಯಬೇಕು. ಬರೆದೆ. ಹೆಂಗಸರ ಮುಂದೆ ಚಪ್ಪಲಿ ಬಿಡಿ ಎನ್ನಬೇಕು. ಅವರು ಅಂದಿನವರೆಗೆ ಎಷ್ಟು ನಗು ತಡೆದುಕೊಂಡಿದ್ದರೋ ಅಷ್ಟನ್ನೂ ನಕ್ಕರು. ಯಂತ್ರ ಬಿಚ್ಚಿ, ಬಿದಿರು ಗಳ ಕಟ್ಟಿ ಆರು ಜನ ಹೊತ್ತು, ಮಣ್ಣಿನ ನೆಲದ ಮೇಲೆ ಕಲ್ಲುಚಪ್ಪಡಿ ಹಾಕಿ ಮಟ್ಟ ನೋಡಿ ಕೂರಿಸಲು ಮೂರು ದಿನ ಹಿಡಿಯಿತು. ಮೂಲೆ ಸೇರಿದ್ದ ಚರ್ಮದ ಬೆಲ್ಟಿಗೆ ಜೀವ ಬಂತು. ರಬ್ಬರ್ ಬೆಲ್ಟು ಸುರುಳಿಯಾಗಿ ಉಗ್ರಾಣ ಸೇರಿತು.

ಉಣ್ಣೆಗೂ ತೇವ ಬೇಕಿತ್ತು. ಹೆಚ್ಚಾದರೆ ಗಂಟು ಕಟ್ಟುತ್ತದೆ, ಕಡಿಮೆಯಾದರೆ ಹಾರುತ್ತದೆ. ಎಣ್ಣೆಯೂ ಸ್ವಲ್ಪ ಬೇಕು, ಚಳಿಗೆ ಹೆಪ್ಪುಗಟ್ಟದ ಎಣ್ಣೆ. ಹರಳೆಣ್ಣೆ ತರಿಸಿದೆ. ಎಣ್ಣೆ ನೀರು ಕೂಡುವುದಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುವಾಗ ಮಗ್ಗದ ಗುಂಡಿಯೊಳಗಿಂದ ದನಿ ಬಂತು. ಅಲ್ಲಿ ನೇಯುತ್ತಿದ್ದ ಹಿರಿಯ ನೇಕಾರರು ತಲೆ ಎತ್ತದೆಯೇ ಹೇಳಿದರು:

"ಅಂಟುವಾಳದ ಕಾಯಿ ನೆನಾಕಿ ಕಿವುಚಮ್ಮ. ಆ ನೊರೇಲಿ ಎಂಥಾ ಎಣ್ಣೆನೂ ನೀರಿಗೆ ಬೆರಿತದೆ. ನಮ್ಮವ್ವ ಉಣ್ಣೆ ತೊಳಿತಿದ್ದುದ್ದೇ ಅದ್ರಲ್ಲಿ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಯಜಮಾನ್ರೇ?"

"ನೀವು ಕೇಳುದ್ರಾ?"

ಅಂಟುವಾಳದ ನೊರೆನೀರಿಗೆ ಹರಳೆಣ್ಣೆ ಬೆರೆಸಿ ಬೆಳ್ಳಗೆ ಮಜ್ಜಿಗೆಯಂತೆ ಮಾಡಿ, ಮಾವಿನ ಸೊಪ್ಪಿನ ಗೊಂಚಲಿನಿಂದ ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿಟ್ಟೆವು. ಕೇಂದ್ರದ ಉಣ್ಣೆಯ ಮೇಲೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮೂರು ದಿನ ನೋಡಿದೆ. ನಾಲ್ಕನೆಯ ದಿನ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಅವಳ ಉಣ್ಣೆ ಕೊಟ್ಟೆ. ಉರುಳೆ ತಿರುಗಿತು. ಕಪ್ಪು ಹಾಳೆ ಒಂದು ಎಳೆಯೂ ಏಳದೆ, ಮಳೆಗಾಲದ ದಿನಗಳಲ್ಲಿ ಇಳಿಯುತ್ತಿದ್ದ ಹಾಗೆ ಇಳಿದು ಬಂತು. ಅಜ್ಜಿ ಎರಡೂ ಕೈ ಒಡ್ಡಿ ಹಿಡಿದುಕೊಂಡಳು. ನನಗೆ ಅಳು ಬಂತು, ಅತ್ತುಬಿಟ್ಟೆ.

ಅವಳು ಹದಿನೈದು ದಿನ ನೂತಳು. ಗುಂಡಿಮಗ್ಗದ ಯಜಮಾನರು ಹುಣಸೆಬೀಜದ ಗಂಜಿ ಹಚ್ಚಿ ನೇಯ್ದುಕೊಟ್ಟರು. ಕಂಬಳಿ ಮಾಮೂಲಿಗಿಂತ ಒಂದು ಗೇಣು ಗಿಡ್ಡ. ಒಯ್ಯಲು ಬಂದ ಅಜ್ಜಿ ಗೇಣನ್ನು ಕೇಳಲೇ ಇಲ್ಲ. "ಕತ್ಲೆ ಎಲ್ಲೈತವ್ವ ಇಲ್ಲಿ?" ಎಂದಳು. ಕಿಟಕಿಯಿಲ್ಲದ ಉಗ್ರಾಣ ತೋರಿಸಿದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಂಬಳಿ ಒದರುವ ಸದ್ದು ಕೇಳಿತು. ಮತ್ತೆ ಒದರಿದಳು, ಮತ್ತೆ. ಹೊರಗೆ ಬಂದಾಗ ಅವಳ ಮುಖ ನೋಡಲಾಗಲಿಲ್ಲ.

"ಕಂಬ್ಳಿ ಚೆಂದಾಗೈತೆ ಕಣವ್ವ. ಬೆಳಕಿಲ್ಲ."

ಆಗ ತಿಳಿಯಿತು ನನಗೆ. ನಾನು ಒಂದು ತಿಂಗಳು ಹೆಣಗಿ, ಊರೆಲ್ಲ ನಗಿಸಿಕೊಂಡು, ಹನಿ ಹನಿ ನೀರು ಚಿಮುಕಿಸಿ ಓಡಿಸಿದ್ದು ಯಾವುದನ್ನೋ, ಅದಕ್ಕಾಗಿಯೇ ಅವಳು ಮೂರು ವರ್ಷ ಉಣ್ಣೆ ಕಾದಿಟ್ಟಿದ್ದಳು. ಅವಳಿಗೆ ಹೊದೆಯಲು ಕಂಬಳಿ ಬೇಕಿರಲಿಲ್ಲ.

"ಬಿಟ್ಟು ಹೋಗು ಅಜ್ಜಿ. ಹತ್ತು ದಿನ ಕೊಡು," ಎಂದೆ. "ನಿಮ್ಮ ಯಜಮಾನರು ಆವಾಗ ಯಾವ ಅಂಗಿ ಹಾಕೋರು?"

"ಟೆರಿಲಿನ್ ಅಂಗಿ. ತಿಪಟೂರು ಸಂತೇಲಿ ತಗಂಡಿದ್ದು. ಅದೊಂದ್ ಮಡಗಿವ್ನಿ."

"ಅದನ್ನೂ ತಗೊಂಡು ಬಾ. ಉಣ್ಣೆ ಅದಕ್ಕೆ ಉಜ್ಜಿದ್ರೇ ಕಿಡಿ ಹುಟ್ಟೋದು."

ಮಾಘದ ಬಿಸಿಲು ನನ್ನ ಕೈ ಹಿಡಿಯಿತು. ಕಂಬಳಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಾಲ್ಕು ಸಲ ಜಾಲಿಸಿ ಗಂಜಿ, ಎಣ್ಣೆ, ಅಂಟುವಾಳ ಎಲ್ಲ ಬಿಡಿಸಿದೆ. ನೆಲ ತಾಗದಂತೆ ಎರಡು ತೆಂಗಿನ ಮರಗಳ ನಡುವೆ ಹಗ್ಗ ಕಟ್ಟಿ ಒಣಗಿಸಿದೆ. ಸಂಜೆ ಇಬ್ಬನಿಗೆ ಮೊದಲೇ ಒಳಗೆ ತರುವೆ, ಬೆಳಿಗ್ಗೆ ಬಿಸಿಲೇರಿದ ಮೇಲೆ ಹಾಕುವೆ. ತೇವ ತುಂಬಲು ಪಟ್ಟ ಪಾಡನ್ನೇ ತೇವ ತೆಗೆಯಲು ಪಟ್ಟೆ. ಒಂಬತ್ತನೆಯ ದಿನ ಮುಟ್ಟಿದರೆ ಎಳೆಗಳು ಬೆರಳಿನ ಕಡೆ ಏಳುತ್ತಿದ್ದವು. ಒಂದು ಕಾಲಕ್ಕೆ ಶಾಪ ಹಾಕಿದ್ದ ಅದೇ ಆಟ ನೋಡಿ ಈಗ ಕುಣಿಯುವಂತಾಯಿತು.

ಅಜ್ಜಿ ಅಂಗಿ ತಂದಳು. ಕಾಲರು ಸವೆದಿತ್ತು, ಗುಂಡಿ ಎರಡೇ ಇದ್ದವು. ಉಗ್ರಾಣದ ನೆಲದ ಮೇಲೆ ರಬ್ಬರ್ ಬೆಲ್ಟನ್ನು ಮಡಿಸಿ ಹಾಸಿ ಅವಳನ್ನು ನಿಲ್ಲಿಸಿದೆ, ಮೈಯಲ್ಲಿ ಸೇರಿದ್ದು ಕಾಲಿನಿಂದ ಇಳಿಯದಿರಲಿ ಎಂದು. ಸೀರೆಯ ಮೇಲೆ ಗಂಡನ ಅಂಗಿ ತೊಡಿಸಿ ಕಂಬಳಿ ಹೊದಿಸಿದೆ. ಬಾಗಿಲು ಹಾಕಿ, ಸಂದಿಗೆ ಗೋಣಿ ತುರುಕಿದೆ. ಹೊರಗೆ ಹನ್ನೆರಡು ಗಂಟೆಯ ಬಿಸಿಲು, ಒಳಗೆ ನನ್ನ ಕೈ ನನಗೆ ಕಾಣದು. ಕಣ್ಣು ಕತ್ತಲೆಗೆ ಹೊಂದಲಿ ಎಂದು ಸುಮ್ಮನೆ ನಿಂತೆವು. ಆಮೇಲೆ ಕಂಬಳಿಯನ್ನು ಅಂಗಿಯ ಮೇಲೆ ನಾಲ್ಕು ಸಲ ಉಜ್ಜಿ, ಸರ್ರನೆ ಎಳೆದೆ.

ಚಟಚಟ ಎಂದಿತು. ಅಜ್ಜಿಯ ಹೆಗಲ ಮೇಲೆ, ಬೆನ್ನುದ್ದಕ್ಕೂ, ತೋಳಿನಲ್ಲಿ ನೀಲಿ ಕಿಡಿಗಳು ಹೊತ್ತಿ ಆರಿದವು. ಒಂದು ಗಳಿಗೆ ಸವೆದ ಕಾಲರು ಕಂಡಿತು.

ಅವಳು ಕತ್ತಲಲ್ಲೇ ತಡಕಿ ಕಂಬಳಿಯನ್ನು ಮತ್ತೆ ಹೆಗಲಿಗೆ ಎಳೆದುಕೊಂಡಳು.

"ಇನ್ನೊಂದ್ ಸಲ ಎಳಿ," ಎಂದಳು.

ಎಳೆದೆ. ಎಷ್ಟು ಸಲ ಎಂದು ಲೆಕ್ಕ ಇಡಲಿಲ್ಲ. ಕೊನೆಗೆ ಕತ್ತಲಲ್ಲಿ ಕೈ ಚಾಚಿ ನನ್ನನ್ನು ಹುಡುಕಿದಳು. ಬೆರಳಿಗೆ ಬೆರಳು ತಾಗುವ ಮೊದಲೇ ಅವಳಿಂದ ನನಗೆ ಚುರ್ ಎಂದು ಕಿಡಿ ಹಾರಿತು. ಇಬ್ಬರೂ ಹೌಹಾರಿ ನಕ್ಕೆವು.

"ನೋಡ್ದಾ? ಇಷ್ಟೇ ಕಣವ್ವ ನಂಗೆ ಬೇಕಿದ್ದುದ್ದು," ಎಂದಳು. ಆಮೇಲೆ, "ನಿನ್ ಗಂಡ ಯಾವಾಗ್ ಬತ್ತಾನೆ?"

"ಯುಗಾದಿಗೆ."

"ಬಾ ಅಂತ ಯೋಳಿದ್ದೀಯಾ?"

ಕತ್ತಲಿದ್ದದ್ದು ಒಳ್ಳೆಯದಾಯಿತು.

ಅವಳನ್ನು ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದೆ. ಕಂಬಳಿಯ ಮಡಿಕೆಯೊಳಗೆ ಅಂಗಿಯನ್ನಿಟ್ಟು, ಮೊದಲ ದಿನ ಉಣ್ಣೆ ತಂದ ಹಾಗೆಯೇ ಸೊಂಟದ ಮೇಲೆ ಇಟ್ಟುಕೊಂಡಿದ್ದಳು. ಬಸ್ಸು ಹೋದ ಮೇಲೆ ಎದುರಿನ ಎಸ್‌ಟಿಡಿ ಬೂತಿಗೆ ಹೋದೆ. ಬೂತಿನವನು ಗೋಡೆಯ ಕ್ಯಾಲೆಂಡರು ನೋಡಿ, "ಇವತ್ತು ಮಂಗಳವಾರ ಕಣಕ್ಕ," ಎಂದ. ಗೊತ್ತು ಎಂದೆ.

ಗೋದಾಮಿನಲ್ಲಿ ಯಾರೋ ಫೋನೆತ್ತಿ ಅವರನ್ನು ಕೂಗಿದರು. ಓಡಿಬಂದ ಸದ್ದು ಕೇಳಿತು.

"ಏನಾಯ್ತು? ಎಲ್ಲ ಹುಷಾರಾಗಿದಾರಾ? ಯಾಕೆ ಇವತ್ತು?"

"ಯಾರಿಗೂ ಏನೂ ಆಗಿಲ್ಲ," ಎಂದೆ. "ನೀವು ಬನ್ನಿ."